ಕ್ಯೂಬ್ ಮಾಸ್ತರರು ಕನ್ಯಾ ನೋಡಲು ಹೋದದ್ದು

ಕೈಯಲ್ಲಿ ಬಣ್ಣದ ಕ್ಯೂಬ್ ಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿರಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಪುಣೆಯಲ್ಲಿದ್ದ ಗೆಳೆಯ ರಜೆಗೆ ಬಂದಾಗ ಒಂದು ಕ್ಯೂಬ್ ಕೊಟ್ಟು, ಬಿಡಿಸುವ ದಾರಿಯನ್ನೂ ಕಲಿಸಿ ಹೋದ. ಆರು ಬದಿ, ಆರು ಬಣ್ಣ. ತಿರುವಿ ಕಲೆಸುವುದು, ಮತ್ತೆ ತಿರುವಿ ಒಂದೊಂದು ಬದಿಗೆ ಒಂದೊಂದು ಬಣ್ಣ ಕೂಡಿಸುವುದು, ಇಷ್ಟೇ ಆಟ. ಕೆಲವು ತಿರುವುಗಳನ್ನು ಬಾಯಿಪಾಠ ಮಾಡಿದರೆ ಯಾರಿಗಾದರೂ ಬರುತ್ತದೆ. ನಾನು ಹೀಗೆ ಹೇಳಿದರೆ ಮಾತ್ರ ಯಾರೂ ನಂಬುತ್ತಿರಲಿಲ್ಲ.

ಬೆಟಗೇರಿಯಲ್ಲಿದ್ದ ಅವ್ವನಿಗೆ ಬೇರೆಯದೇ ಚಿಂತೆ. ನನಗೆ ಕನ್ಯಾ ಹುಡುಕುತ್ತಿದ್ದಳು. ಲಕ್ಷ್ಮೇಶ್ವರದ ಸಂಬಂಧವೊಂದು ಮನೆ ಬಾಗಿಲಿಗೆ ಬರುವ ಮೊದಲೇ ತಿರುಗಿ ಹೋಗಿತ್ತು.

“ಮಾಸ್ತರ ಆಗಿ ಆಟಿಗಿ ಸಾಮಾನು ಹಿಡಕೊಂಡು ತಿರಗತಾನ ಅಂತ ಸುದ್ದಿ ಹಬ್ಬೇತಿ. ಇನ್ನೊಂದು ಸಂಬಂಧ ತಪ್ಪಿದರ ಆ ಡಬ್ಬಿ ಒಲಿಗೆ ಹಾಕ್ತೀನಿ ನೋಡು” ಅಂದಳು.

ನಮ್ಮವ್ವ ಹೇಳಿದ್ದನ್ನು ಮಾಡಿಯೇ ತೀರುವವಳು.

ಎಮ್ಮೆ ಎಲ್ಲಿ ಹೋಯಿತು

ಕ್ಯೂಬ್ ಬಿಡಿಸುವವನ ತಲೆಯಲ್ಲಿ ಸಕಲವೂ ಇರುತ್ತದೆ ಎಂಬುದು ಮೊದಲ ತಪ್ಪು ತಿಳಿವಳಿಕೆ. ಒಂದು ದಿನ ರೈತನೊಬ್ಬ ನನ್ನ ಕೋಣೆಗೆ ಬಂದು ಕೈಮುಗಿದು ಕೂತ. ಅವನ ಎಮ್ಮೆ ಕಳೆದಿತ್ತು. ಅದಕ್ಕೂ ನನಗೂ ಏನು ಸಂಬಂಧವಪ್ಪಾ ಅಂದೆ.

“ಅಷ್ಟು ಬಣ್ಣಾ ಹುಡುಕಿ ಅವರವರ ಮನಿಗೆ ಮುಟ್ಟಸ್ತೀರಿ. ನನ್ನ ಎಮ್ಮಿ ಒಂದನ್ನ ಮುಟ್ಟಸಾಕ ಆಗಂಗಿಲ್ಲೇನ್ರಿ?”

ಇದು ಬುದ್ಧಿಯ ಕೆಲಸವಲ್ಲ, ಬರೀ ರೂಢಿ ಎಂದು ಎಷ್ಟು ಹೇಳಿದರೂ ಅವನು ಮೇಲೇಳಲಿಲ್ಲ. ಸಾಗಹಾಕಲೆಂದು ಕೆರೆಯ ಕಡೆ ನೋಡು ಹೋಗು ಅಂದೆ. ಬಿರುಬಿಸಿಲಿನಲ್ಲಿ ಎಮ್ಮೆ ಇನ್ನೆಲ್ಲಿಗೆ ಹೋದೀತು, ಅಲ್ಲೇ ಕೆಸರಿನಲ್ಲಿ ಹಾಯಾಗಿ ಮಲಗಿತ್ತಂತೆ.

ಮರುದಿನ ಇನ್ನಿಬ್ಬರು ಬಂದರು. ಒಬ್ಬನ ಎತ್ತು ಕಳೆದಿತ್ತು, ಇನ್ನೊಬ್ಬನ ಅಳಿಯ.

ಮುಗಿದ ಬದಿ

ನಮ್ಮ ಹೆಡ್‌ಮಾಸ್ತರರು ಕ್ಯೂಬನ್ನು ಕಡ ಒಯ್ದು, ಬಹಳ ಹೆಣಗಿ, ಒಂದು ಬದಿಯನ್ನು ಪೂರ್ತಿ ಕೆಂಪು ಮಾಡಿದರು. ಅದನ್ನು ಮೇಜಿನ ಮೇಲಿಟ್ಟು ಎಲ್ಲ ಶಿಕ್ಷಕರನ್ನೂ ಕರೆಸಿದರು. ಒಂದು ಬದಿ ಮುಗಿಯಿತು, ದಿನಕ್ಕೊಂದರಂತೆ ಹೋದರೆ ವಾರದೊಳಗೆ ಕೆಲಸ ಪೂರ್ಣ ಎಂದು ಘೋಷಿಸಿದರು.

ಬದಿ ಬದಿಯಾಗಿ ಮಾಡಿದರೆ ಆಗುವುದಿಲ್ಲ, ಮನೆ ಕಟ್ಟಿದ ಹಾಗೆ ಕೆಳಗಿನಿಂದ ವರಸೆ ವರಸೆಯಾಗಿ ಏರಬೇಕು ಎಂದು ನಾನು ಹೇಳಿದೆ. ನನಗೆ ಹೊಟ್ಟೆಕಿಚ್ಚು ಎಂದು ಅವರು ತಿಳಿದರು. ಎರಡನೆಯ ಬದಿಗೆ ಕೈ ಹಚ್ಚಿದರೆ ಮೊದಲನೆಯದು ಕೆಡುತ್ತಿತ್ತು. ಮುಗಿದ ಬದಿಯನ್ನು ಯಾರೂ ಮುಟ್ಟಕೂಡದು ಎಂದು ಶಾಲೆಗೆಲ್ಲ ತಾಕೀತು ಮಾಡಿದರು. ಆದರೂ ಕೆಡುತ್ತಿತ್ತು, ಮುಟ್ಟುತ್ತಿದ್ದವರು ಅವರೊಬ್ಬರೇ.

ಕಡೆಗೊಂದು ದಿನ ಕೆಂಪು ಬದಿ ಮೇಲೆ ಮಾಡಿ ನನ್ನ ಕೈಗಿಟ್ಟರು.

“ನನ್ನ ಪಾಲಿನ ಕೆಲಸ ನಾ ಮುಗಿಸೇನಿ. ಉಳಿದದ್ದನ್ನ ಸಹಶಿಕ್ಷಕರು ನೋಡಿಕೋರಿ.”

ಬಸ್ಸಿನವರೆಲ್ಲ ಕೂಡಿ

ಹೆಚ್ಚು ಕಲೆಸಿದಷ್ಟೂ ಬಿಡಿಸುವುದು ಕಷ್ಟ ಎಂಬುದು ಇನ್ನೊಂದು ನಂಬಿಕೆ. ಒಮ್ಮೆ ಗದಗಿನಿಂದ ಮುಂಡರಗಿ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಕೂತಿದ್ದ ಮುಂಡರಗಿಯ ಅರಿವೆ ವ್ಯಾಪಾರಿಯೊಬ್ಬರು ಕ್ಯೂಬ್ ಇಸಕೊಂಡು ತಿರುವಿದರು. ಹಿಂದಿನವರು ತಮಗೂ ಬೇಕೆಂದರು. ಅದು ಸೀಟಿನಿಂದ ಸೀಟಿಗೆ ಹೋಯಿತು, ಒಬ್ಬೊಬ್ಬರೂ ಹಲ್ಲು ಕಚ್ಚಿ ತಿರುವಿದರು. ಹಿಂದಿನ ಸೀಟಿನವರದು ಇನ್ನೂ ಆಗಿಲ್ಲ, ಗದ್ದಲ ಮಾಡಬೇಡಿ ಎಂದು ಕಂಡಕ್ಟರ್ ಪಾಳಿ ಹಚ್ಚಿದ.

ಕೆಲವು ಸಲ ತಿರುವಿದ ಮೇಲೆ ಕಲೆತದ್ದು ಕಲೆತದ್ದೇ, ಆಮೇಲೆ ಊರೇ ತಿರುವಿದರೂ ಅಷ್ಟೇ. ಕೈಗೆ ಬಂದ ಮೇಲೆ ಎಂದಿನಂತೆ ಬಿಡಿಸಿಟ್ಟೆ. ಬಸ್ಸೆಲ್ಲ ಹೋ ಎಂದಿತು. ವ್ಯಾಪಾರಿಗಳು ನನ್ನ ಮನೆತನ, ಊರು ಎಲ್ಲ ಕೇಳಿ, ತಮ್ಮ ಅಕ್ಕನಿಗೆ ಮದುವೆಗೆ ಬಂದ ಮಗಳಿದ್ದಾಳೆ ಎಂದರು.

ಮುಂದಿನ ಸೀಟಿನಲ್ಲಿ ಬುಟ್ಟಿ ಹಿಡಿದು ಕೂತ ಮುದುಕಿಗೆ ಮಾತ್ರ ಸಮಾಧಾನವಿಲ್ಲ. “ನನ್ನ ಕೈಗೆ ಯಾರೂ ಕೊಡಲಿಲ್ಲ. ಅದಕ್ಕ ಬಿಡಿಸಿದ” ಅಂದಳು.

ಮುಂಡರಗಿಯಲ್ಲಿ

ಕನ್ಯಾ ನೋಡಲು ಹೊರಟ ದಿನ ಅವ್ವ ನನ್ನ ಜೇಬು ತಡವಿ, ಕ್ಯೂಬ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಸ್ ಹತ್ತಿಸಿದಳು. ಆದರೆ ಹುಡುಗಿಯ ಸೋದರಮಾವ, ಅಂದರೆ ಬಸ್ಸಿನ ವ್ಯಾಪಾರಿಗಳು, ಹುಬ್ಬಳ್ಳಿಯಿಂದ ಒಂದನ್ನು ತರಿಸಿ ಮನೆಯಲ್ಲಿ ಇಡಿಸಿದ್ದರು. ಹುಡುಗ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಬಿಡಿಸುತ್ತಾನೆ ಎಂದು ಓಣಿಗೆಲ್ಲ ಹೇಳಿದ್ದರು. ಓಣಿಯೂ ಬಂದು ಕೂತಿತ್ತು.

ಹುಡುಗಿ ಸೆರಗು ಹೊದ್ದು ಬಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಳು. ಅವ್ವ ಕೇಳಿದ್ದಕ್ಕೆ ಉತ್ತರ ಕೊಟ್ಟು ಒಳಗೆ ಹೋದಳು. ನನಗೆ ಬೈತಲೆಯಷ್ಟೇ ಕಂಡಿತು, ದನಿ ಮಾತ್ರ ಬಹಳ ಹಿಡಿಸಿತು. ಆಮೇಲೆ ಶಿರಾ ಉಪ್ಪಿಟ್ಟಿನ ಜೊತೆ ಕ್ಯೂಬ್ ಬಂತು.

ಎಲ್ಲ ಸರಿಯಾಗಿ ಬಂದು ಕೊನೆಗೆ ಒಂದು ಕಡೆ ತಡೆಯಿತು. ನೋಡಿದರೆ ಒಂದೇ ತುಂಡಿನ ಎರಡು ಮೈಗೂ ಕೆಂಪು. ಅಂಥ ತುಂಡು ಯಾವ ಕ್ಯೂಬಿನಲ್ಲೂ ಇರುವುದಿಲ್ಲ. ಯಾರೋ ಬಣ್ಣದ ಚೀಟಿ ಕಿತ್ತು ಅದಲುಬದಲು ಹಚ್ಚಿದ್ದರು. ಬ್ರಹ್ಮ ಬಂದರೂ ಅದನ್ನು ಬಿಡಿಸುವಂತಿರಲಿಲ್ಲ. ಹಾಗೆಂದು ಬಾಯಿಬಿಟ್ಟರೆ ಓಣಿಯ ಮುಂದೆ ಸೋದರಮಾವನ ಮಾನ ಹೋಗುತ್ತದೆ, ಸುಮ್ಮನಿದ್ದರೆ ಸಂಬಂಧ ಹೋಗುತ್ತದೆ. ಮತ್ತೆ ಮೊದಲಿನಿಂದ ತಿರುವಿದೆ. ಬೆವರು ಇಳಿಯಿತು, ಉಪ್ಪಿಟ್ಟು ಆರಿತು, ಓಣಿಯವರು ಒಬ್ಬೊಬ್ಬರೇ ಎದ್ದರು. ಅವ್ವನ ಕಣ್ಣಿನಲ್ಲಿ ನಮ್ಮ ಮನೆಯ ಒಲೆ ಉರಿಯುವುದು ಕಂಡಿತು.

ಕಡೆಗೆ ಕೆಳಗಿಟ್ಟು, “ಇವತ್ತ ನನ್ನ ಕೈಲೆ ಆಗವಲ್ದ್ರಿ” ಅಂದೆ.

ಹುಡುಗಿಯ ಅಪ್ಪ ಕೆಮ್ಮಿದರು. ಸೋದರಮಾವನ ಮುಖ ಸಣ್ಣದಾಯಿತು. ಅವ್ವ ಸೆರಗು ಸರಿಮಾಡಿಕೊಂಡು ಏಳಲು ಹೊರಟಾಗ ಒಳಗಿನಿಂದ ಹುಡುಗಿಯ ಆಯಿ, ಅಂದರೆ ಅಜ್ಜಿ, ಕೂಗಿದಳು: “ಹುಡುಗಿ ಒಪ್ಪ್ಯಾಳ.”

ಎಲ್ಲರೂ ಒಮ್ಮೆ ಕ್ಯೂಬ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

ಮದುವೆಯಾದ ಹೊಸದರಲ್ಲಿ, ಆ ಚೀಟಿ ಯಾರು ಕಿತ್ತಿದ್ದರು ಎಂದು ಹೆಂಡತಿಯನ್ನು ಕೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದಳು.

“ನಾನ ರಿ” ಅಂದಳು. “ನೋಡಾಕ ಬಂದವರು ನಮ್ಮನ್ನ ಕುಂಡ್ರಿಸಿ ನೋಡತಾರ. ನಾವು ತಲಿ ತಗ್ಗಿಸಿ ನಿಮ್ಮ ಕಾಲಷ್ಟ ನೋಡಬೇಕು. ಮಾವ ನೋಡಿದರ, ನೀವು ಕಣ್ಣು ಮುಚ್ಚಿ ತೆಗಿಯೋದರಾಗ ಮುಗಿಸಿ ಏಳತೀರಿ ಅಂದ. ಅದಕ್ಕ ಎರಡು ಚೀಟಿ ಬದಲಿ ಮಾಡಿ, ಬಾಗಲ ಸಂದ್ಯಾಗ ನಿಂತು ಪುರಸೊತ್ತಿಲೆ ನೋಡಿದೆ.”

ಏನು ಕಂಡಿತು ಅಂದೆ.

“ಮೋಸ ಗೊತ್ತಾದರೂ ಮಾವನ ಮ್ಯಾಲ ಹಾಕಲಿಲ್ಲಲ್ಲ. ಅದನ್ನ ನೋಡಿ ಆಯಿಗೆ ಹೂಂ ಅಂದೆ.”

ನನಗೆ ಹಿಗ್ಗು ತಡೆಯಲಾಗಲಿಲ್ಲ. ಮತ್ತೇನು ಕಂಡಿತು ಎಂದು ಆಸೆಯಿಂದ ಕೇಳಿದೆ.

“ಕಿವಿ ಒಂದು ಸಣ್ಣದು, ಒಂದು ದೊಡ್ಡದು ಅದಾವು ಅಂತ ಕಂಡಿತು” ಅಂದಳು. “ಆದರ ಅಷ್ಟರಾಗ ಆಯಿ ಕೂಗಿಬಿಟ್ಟಿದ್ದಳು.”