ಜವಾರಿ ಎನಿಸಿಕೊಳ್ಳುವ ಆಸೆ

ಬೆಳಿಗ್ಗೆ ಹಾಲು ಕಾಯಿಸಿ, ನಲ್ಲಿಯಲ್ಲಿ ನೀರು ಬರುವಷ್ಟರಲ್ಲಿ ರೊಟ್ಟಿ ಬಡಿದು ಮುಗಿಸುವುದು ಸೊಲ್ಲಾಪುರದಲ್ಲಿ ನನ್ನ ನಿತ್ಯದ ಓಟ. ಇವತ್ತು ಮಾತ್ರ ತುಸು ಜೋರಾಗಿಯೇ ಬಡಿದೆ. ಅಕ್ಕಲಕೋಟದ ಕಡೆಯ ಹಳ್ಳಿಯಿಂದ ಬಂದಿದ್ದ ನಮ್ಮ ಅತ್ತೆ ಪಡಸಾಲೆಯಲ್ಲಿ ಕೂತಿದ್ದರು. ಸದ್ದು ಅವರ ಕಿವಿಗೆ ಬೀಳಲಿ ಎಂಬ ಆಸೆ. ಮಧ್ಯಾಹ್ನದ ಬಸ್ಸಿಗೆ ಹೊರಡುವ ಮೊದಲು ಅವರ ಬಾಯಿಂದ ನನಗೆ ಒಂದೇ ಒಂದು ಮಾತು ಬೇಕಿತ್ತು: ಜವಾರಿ.

ಪರದೇಶದ ಗಾಳಿ ಸೋಕದ ಆಕಳು, ಬದನೆಕಾಯಿ, ಹೆಣ್ಣುಮಗಳು, ಎಲ್ಲವೂ ಅತ್ತೆಯ ಲೆಕ್ಕದಲ್ಲಿ ಜವಾರಿ. ಉಳಿದದ್ದು ಹೈಬ್ರೀಡ್. ಮದುವೆಯಾದ ಹೊಸದರಲ್ಲಿ ನನ್ನ ಕಾಲು ಅವರಿಗೆ ತಾಗಿದಾಗ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಬದಲು ಕಾನ್ವೆಂಟಿನ ಹುಡುಗಿ ನಾನು 'ಸಾರಿ' ಎಂದುಬಿಟ್ಟಿದ್ದೆ. ಅಂದೇ ನನ್ನ ಬೀಜದ ಪರೀಕ್ಷೆ ಮುಗಿದಿತ್ತು.

ಪದದ ಹುಟ್ಟು ತಿಳಿದರಾದರೂ ದಾರಿ ಸಿಕ್ಕೀತೆಂದು ಊಟಕ್ಕೆ ಬಡಿಸುತ್ತ ಕೇಳಿದೆ. ಮರಾಠಿಯವರು ಜೋಳಕ್ಕೆ ಜ್ವಾರಿ ಎನ್ನುತ್ತಾರೆ, ಅಲ್ಲಿಂದಲೇ ಬಂದಿರಬಹುದೆಂದು ನನ್ನ ಊಹೆ.

"ಅದರ ಹುಟ್ಟಿದ ಊರ ತಗೊಂಡು ಏನ್ ಮಾಡ್ತಿಯವ್ವಾ? ಬಾಯಾಗ ಐತಿ, ಸಾಕು."

"ಅತ್ತಿ, ಈ ಚಟ್ನಿಯೊಳಗಿನ ಶೇಂಗಾ, ಮೆಣಸಿನಕಾಯಿ ಎರಡೂ ಹಡಗಿನ್ಯಾಗ ಪರದೇಶದಿಂದ ಬಂದಾವ್ರಿ."

"ಬಂದಿದ್ರ ಬಂದಿರ್ಲಿ. ಈಗ ನಮ್ಮವ ಅಲ್ಲೇನು?"

ನನ್ನ ಎದೆ ಹಿಗ್ಗಿತು. ಮೆಣಸಿನಕಾಯಿಯನ್ನೇ ಒಪ್ಪಿಕೊಂಡವರು ನನ್ನನ್ನು ಬಿಟ್ಟಾರೆಯೇ? "ಮತ್ತ ನಾನ್ರಿ?" ಎಂದೆ ಮೆಲ್ಲಗೆ.

ಅತ್ತೆ ಇನ್ನೊಂದು ತುತ್ತು ಬಾಯಿಗಿಟ್ಟರು. "ಪಲ್ಯಾಕ್ಕ ಉಪ್ಪು ಕಡಿಮಿ ಆಗೈತಿ ನೋಡು."

"ಸಾರಿ" ಎಂದೆ.

ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹೆಂಗಸು, ನಾನೂ ಅವರೂ ಪರಸ್ಪರ ವೈನಿ, ಅಂದರೆ ಅತ್ತಿಗೆ, ಎಂದೇ ಕರೆದುಕೊಳ್ಳುವ ಸುನಂದಾ, ಗೌನಿನ ಮೇಲೊಂದು ಟವೆಲ್ ಹೊದ್ದು, ಯಾರೂ ಕರೆಯದೆ ಒಳಬಂದರು. ರೊಟ್ಟಿ ಬುಟ್ಟಿಗೆ ತಾವೇ ಕೈಹಾಕಿ, ಅತ್ತೆಯ ಪಕ್ಕ ನೆಲದ ಮೇಲೆ ಕೂತು ಹರಟೆಗೆ ಶುರುವಿಟ್ಟರು. ನಾನು ಉಪ್ಪು ತರಲು ಒಳಗೆ ಹೋದೆ.

ಮಧ್ಯಾಹ್ನ ಅತ್ತೆಯನ್ನು ಬಸ್ಸಿನಲ್ಲಿ ಕೂರಿಸಿ, ಕಿಟಕಿಯ ಕೆಳಗೆ ಅವರ ತುಟಿಯನ್ನೇ ನೋಡುತ್ತ ನಿಂತೆ. "ಬಿಸಲ ಭಾಳ ಐತಿ, ಸೆರಗ ತಲಿ ಮ್ಯಾಲ ಹಾಕ್ಕೊ" ಎಂದರು. ಬಸ್ಸು ಹೋಯಿತು. ಮನೆಗೆ ಬಂದರೆ ಅವರು ಕೂತಿದ್ದ ಚಾಪೆ ಇನ್ನೂ ಅಲ್ಲೇ ಇತ್ತು. ಸುತ್ತಿಡಲು ಕೈ ಬರಲಿಲ್ಲ.

ಸಂಜೆ ಮಾಳಿಗೆಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ, ಆಚೆಯ ಮಾಳಿಗೆಯಿಂದ ಸುನಂದಾ ವೈನಿ ಕೂಗಿದರು: "ಅಹೋ ವೈನಿ, ನೀವು ಒಳಗ ಉಪ್ಪು ಹುಡಕಾಕತ್ತಿದ್ರಲ್ಲ, ಆಗ ನಿಮ್ಮ ಅತ್ತಿ ನನ್ನ ಬೆನ್ನ ಬಡದು, 'ನೀ ಅಗದಿ ಜವಾರಿ ಅದೀ ನೋಡು' ಅಂದ್ರು. ಹಂಗಂದ್ರ ಏನ್ ಹೋ? ಬೈದ್ರೇನು?"