ಹರಾಜಿನಲ್ಲಿ ಅಕ್ಕ ಗೆದ್ದ ಮಾಡು

ಬಂದಳು ಮಾರಾಯ್ರೆ, ನನ್ನ ಮೊಮ್ಮಗಳು ಮನೆಗೆ ಬಂದಳು! ಇವತ್ತು ಮಧ್ಯಾಹ್ನ ಅಂಕೋಲೆಯಿಂದ ರಿಕ್ಷಾದಲ್ಲಿ, ನನ್ನ ಮಗಳ ಮಡಿಲಲ್ಲಿ ಮಲಗಿಕೊಂಡು, ತಲೆಗೆ ಕೆಂಪು ಟೊಪ್ಪಿಗೆ ಹಾಕಿಕೊಂಡು ಮಹಾರಾಣಿಯ ಹಾಗೆ ಬಂದಳು. ರಿಕ್ಷಾದವನಿಗೆ ನಾನು ಎರಡು ಸಲ ಬಾಡಿಗೆ ಕೊಟ್ಟೆನಂತೆ. ಕೊಟ್ಟಿರಬಹುದು! ಮೊದಲ ಮೊಮ್ಮಗಳ ಮುಖ ಕಂಡವನಿಗೆ ಲೆಕ್ಕ ಎಲ್ಲಿ ನೆನಪಿರುತ್ತದೆ? ಅವನು ಒಳ್ಳೆಯವನು, ಒಂದನ್ನು ವಾಪಸು ಕೊಡಲು ಬಂದ. ಅದನ್ನೂ ಅವನ ಕಿಸೆಗೇ ತುರುಕಿ, "ಪೇಡೆ ತಿನ್ನು ಹೋಗು" ಅಂದೆ.

ಈ ಸಂತೋಷಕ್ಕೆ ಕಾರಣ ಯಾರು ಎಂದು ಕೇಳಿದರೆ ನನ್ನ ಅಳಿಯ ತನ್ನ ಎದೆ ಮುಟ್ಟಿಕೊಂಡಾನು. ಪಾಪ, ಮುಟ್ಟಿಕೊಳ್ಳಲಿ. ಆದರೆ ಮಗು ಈ ಮನೆಗೆ ಬಂದದ್ದಕ್ಕೆ ಕಾರಣ ನನ್ನ ಅಕ್ಕ. ಕಾರವಾರದಿಂದ ಅಂಕೋಲೆಯ ತನಕ ಹುಡುಕಿ ನೋಡಿ. ಹರಾಜು ಕೂಗಿ ತನ್ನ ಮನೆಯ ಮಾಡನ್ನು, ಅದೇ ತಲೆಯ ಮೇಲಿನ ಸೂರನ್ನು, ತಾನೇ ಗೆದ್ದುಕೊಂಡ ಹೆಂಗಸು ಇನ್ನೊಬ್ಬಳು ಸಿಕ್ಕರೆ ನಾನು ಮೀಸೆ ಬೋಳಿಸುತ್ತೇನೆ!

ಅಕ್ಕ ನನಗಿಂತ ಬಹಳ ದೊಡ್ಡವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನ ಮನೆಯಿಂದ ತಿರುಗಿ ಬಂದವಳು. ಯಾಕೆ ಬಂದೆ ಎಂದು ಊರವರು ಕೇಳಿದ್ದಕ್ಕೆ, "ದರ ಕೂಡ್ಲಿಲ್ಲ" ಎಂದಳಂತೆ. ಅಷ್ಟೇ. ಅಂದಿನಿಂದ ಬೆಳಿಗ್ಗೆ ಬಂದರದಲ್ಲಿ ಹರಾಜು ಕೂಗಿ ಮೀನು ಕೊಳ್ಳುವುದು, ಹಗಲೆಲ್ಲ ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಮಾರುವುದು. ಈಗ ಮೊಣಕಾಲು ಕೇಳುವುದಿಲ್ಲ, ಮನೆಯಲ್ಲಿದ್ದಾಳೆ. ಆದರೆ ಪೇಟೆಯ ಅಭ್ಯಾಸ ಹೋಗಬೇಕಲ್ಲ! ಡಾಕ್ಟರು ಮಾತ್ರೆ ಮೂರು ಹೊತ್ತು ಅಂದರೆ, "ಎರಡು ಹೊತ್ತು ಮಾಡ್ಕೊಳ್ಳಿ ಡಾಕ್ಟ್ರೆ" ಅನ್ನುತ್ತಾಳೆ. ದೇವಸ್ಥಾನದಲ್ಲಿ ಭಟ್ಟರು ಒಂದು ಹೂವು ಕೊಟ್ಟರೆ ಚಾಚಿದ ಕೈ ಹಿಂದೆ ತೆಗೆಯುವುದಿಲ್ಲ. "ಕೊಸರು?" ಎಂದು ಕೇಳುತ್ತಾಳೆ.

ಇನ್ನು ನಮ್ಮ ಮನೆಯ ಕತೆ. ಚೆಂಡಿಯಾದ ಕಡಲಬದಿಯ ಜಾಗ ನೌಕಾನೆಲೆಗೆ ಹೋದಾಗ ನಮಗೆ ಈ ಕಾಲನಿಯಲ್ಲಿ ಜಾಗ ಸಿಕ್ಕಿತು. ಹೊಸ ಹಂಚಿಗೆ ಯಾರು ದುಡ್ಡು ಹಾಕುತ್ತಾರೆ ಎಂದು ಹಳೇ ಮನೆಯ ಹಂಚು, ಅದನ್ನು ಹೊರುವ ಮರದ ಪಕಾಸು, ರೀಪು ಎಲ್ಲ ಬಿಚ್ಚಿ ಲಾರಿಯಲ್ಲಿ ತಂದು ಹೊಸ ಗೋಡೆಯ ಮೇಲೆ ಹೊದಿಸಿದೆವು. ಮನೆಗಿಂತ ಮಾಡಿಗೇ ವಯಸ್ಸು ಜಾಸ್ತಿ ಇರುವ ಮನೆ ನೀವು ನೋಡಿದ್ದೀರಾ? ಕಡೆಗೆ ಪಕಾಸಿಗೆ ಒರಲೆ ಹುಳ ಹಿಡಿದು ಮಾಡು ನಡುವೆ ಬಾಗಿತು. ಮಳೆಗಾಲದಲ್ಲಿ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟು ಇಟ್ಟು, ಅಡುಗೆಗೆ ಪಾತ್ರೆ ಸಾಲದೆ ನನ್ನ ಹೆಂಡತಿ ಪಕ್ಕದ ಮನೆಯಿಂದ ಎರವಲು ತರುತ್ತಿದ್ದಳು.

ಹಾಗೇ ವರ್ಷಗಳು ನಡೆದವು. ಮಗಳು ಬಸುರಿ ಎಂಬ ಸುದ್ದಿ ಬಂದ ಮೇಲೆ ನಡೆಯಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಮಗು ಹುಟ್ಟುವುದು ನೋಡಿದರೆ ಮಳೆಗಾಲದ ಬಾಗಿಲಲ್ಲಿ. ಮಗಳ ಅತ್ತೆ, ಅಂದರೆ ನಮ್ಮ ಬೀಗಿತಿ, ಅಂಕೋಲೆಯ ಸ್ಲ್ಯಾಬಿನ ಮನೆಯವರು. ನಮ್ಮ ಮಾಡನ್ನು ಒಮ್ಮೆ ಕತ್ತೆತ್ತಿ ನೋಡಿ ಮೆತ್ತಗೆ ಹೇಳಿದರು:

"ಬೇಜಾರ್ ಮಾಡ್ಕೊಳ್ಬೇಡಿ ಬೀಗ್ರೆ. ಇದ್ರ ಕೆಳಗೆ ಬಾಣಂತಿ ಮಲಗ್ಸೂಕೆ ಆಗುದಿಲ್ಲ. ಬಾಣಂತನ ನಮ್ಮಲ್ಲೇ ಆಗ್ಲಿ. ನೀವು ಬಂದು ನೋಡ್ಕೊಂಡು ಹೋಗಿ."

ನೋಡಿಕೊಂಡು ಹೋಗುವುದಂತೆ! ನನ್ನ ಮೊಮ್ಮಗುವೇನು ಕಾರವಾರದ ಕಡಲತೀರದಲ್ಲಿ ನಿಲ್ಲಿಸಿಟ್ಟ ಯುದ್ಧನೌಕೆಯೇ, ಟಿಕೆಟು ತೆಗೆದು ನೋಡಿಕೊಂಡು ಬರುವುದಕ್ಕೆ? ನನ್ನ ಹೆಂಡತಿ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಕ್ಕ ಮಾತ್ರ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೇಳಿದಳು:

"ಮಾಡು ಹೊಸ್ತು ಮಾಡ್ಸಿದ್ರೆ ಕಳಿಸ್ತ್ರಾ?"

"ಸೋರದಿದ್ರೆ ಯಾಕೆ ಕಳ್ಸುದಿಲ್ಲ?"

"ಆತು. ವ್ಯಾಪಾರ ಕೂಡ್ತು."

ಬೋಟಿನಲ್ಲಿದ್ದ ನನ್ನ ಪಾಲು ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಆದರೆ ದುಡ್ಡಿದ್ದರೆ ಸಾಕೇ? ಬೇಸಿಗೆಯ ಕೊನೆಗೆ ಮಾಡಿನ ಕೆಲಸದವರು ಸಿಗುವುದೆಂದರೆ ಮದುವೆ ದಿನಗಳಲ್ಲಿ ಅಡುಗೆಯವರು ಸಿಕ್ಕ ಹಾಗೆ.

ಮೊದಲು ಬಂದವನು ಶಿರವಾಡದ ಶೀಟಿನವನು. ಚುರುಕು ಮನುಷ್ಯ. ಮೊಬೈಲಿನಲ್ಲಿ ಬಣ್ಣಬಣ್ಣದ ಮಾಡುಗಳ ಫೋಟೋ ತೋರಿಸಿದ. "ಕಬ್ಬಿಣದ ಪೈಪು, ಮೇಲಿಂದ ಶೀಟು. ವಾರದಲ್ಲಿ ಖಲಾಸ್ ಅಮ್ಮಾ. ಮತ್ತೆ ತಲೆ ಎತ್ತಿ ನೋಡೂದೇ ಬೇಡ."

ಅಕ್ಕ ಒಳಗೆ ಹೋಗಿ ಹಿಟ್ಟು ನಾದುವ ಸ್ಟೀಲಿನ ದೊಡ್ಡ ಪರಾತ ತಂದಳು. "ಇಲ್ಲಿ ಕೂಡ್ರು ತಮ್ಮಾ" ಅಂದಳು. ಕೂತ. ಪರಾತವನ್ನು ಅವನ ತಲೆಯ ಮೇಲೆ ಬೋರಲು ಹಿಡಿದು, ಮೇಲಿನಿಂದ ಒಂದು ಸೇರು ಕಡಲೆ ಸುರಿದಳು. ಅಬ್ಬಬ್ಬಾ, ಆ ಸದ್ದು! ಅಂಗಳದ ಕೋಳಿಗಳೆಲ್ಲ ರಸ್ತೆ ದಾಟಿ ಹೋದವು.

"ಹ್ಯಾಂಗೆ ಕೇಳ್ತು?"

"ಸ್ವಲ್ಪ ಜೋರು ಆಗ್ತದೆ ಅಮ್ಮಾ..."

"ಇದು ಒಂದೇ ಸೇರು. ಆಷಾಢದಲ್ಲಿ ದೇವ್ರು ಚೀಲಗಟ್ಲೆ ಸುರೀತಾನೆ. ಕೂಸು ನಿದ್ದೆ ಮಾಡ್ತದ್ಯಾ?"

ಅವನು ಕಿವಿ ಉಜ್ಜಿಕೊಳ್ಳುತ್ತ ಎದ್ದ. ಹೋಗಲು ಬಿಟ್ಟಳೇ? ಕಡಲೆಯನ್ನೆಲ್ಲ ಅವನಿಂದಲೇ ಹೆಕ್ಕಿಸಿ ಕಳಿಸಿದಳು!

ಎರಡನೆಯವರು ಕಾರವಾರದ ಕಂತ್ರಾಟುದಾರರು, ಬಿಳಿ ಕಾರಿನಲ್ಲಿ ಬಂದರು. ಸ್ಲ್ಯಾಬೇ ಹಾಕಿಸಿಬಿಡಿ ಎಂದರು. ಏಳು ಲಕ್ಷ ಎಂದರು. ಅಕ್ಕ ಅವರ ಮುಖವನ್ನೂ ನೋಡದೆ, "ಒಂದೂವರೆ" ಅಂದಳು. ಅವರು ಗಂಟಲು ಸರಿಮಾಡಿಕೊಂಡು ಕಾರು ಹತ್ತಿ ಹೋದರು. ನನಗೆ ಗಾಬರಿ. ಅಕ್ಕ ನಕ್ಕಳು.

"ಹೋಗ್ಲಿ ಬಿಡು. ಗಿರಾಕಿ ಅಂದ್ರೆ ಹಾಂಗೇ. ಮೂಲೆ ತನಕ ಹೋಗಿ ತಿರುಗ್ತದೆ."

ಅವರು ತಿರುಗಿ ಬರುತ್ತಾರೆಂದು ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ಕೂತಳು. ಮರುದಿನವೂ ಕೂತಳು. ಸಂಜೆ ಹೊತ್ತಿಗೆ ಒಂದು ಬಿಳಿ ಕಾರು ನಿಜವಾಗಿಯೂ ಬಂದು ನಮ್ಮ ಗೇಟಿನ ಮುಂದೆ ನಿಂತಿತು. "ನೋಡ್ದ್ಯಾ?" ಎಂದು ನನ್ನನ್ನು ತಿವಿದು, ಎದ್ದು ಹೋಗಿ, ಗಾಜು ಇಳಿಯುವ ಮೊದಲೇ, "ಎರಡು ಲಕ್ಷ. ಕಡೇ ಮಾತು!" ಅಂದಳು. ಒಳಗಿದ್ದವರು ಗೋಕರ್ಣಕ್ಕೆ ದಾರಿ ಕೇಳಲು ನಿಂತವರು. ಗೋಕರ್ಣಕ್ಕೆ ಹೋಗಲು ಅಷ್ಟು ಖರ್ಚಾಗುತ್ತದೆ ಎಂದು ಹೆದರಿದರೋ ಏನೋ, ದಾರಿ ಕೇಳದೆಯೇ ಹೊರಟುಹೋದರು.

ಇಷ್ಟರಲ್ಲಿ ಮೇ ತಿಂಗಳು ಬಂತು. ಕಡಲಿನ ಕಡೆಯಿಂದ ಗಾಳಿ ತಿರುಗುವುದನ್ನು ನೋಡಿ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆಗ ಸಿಕ್ಕವರು ರಾಮನಗುಳಿಯ ಆಚಾರರು, ಮರ ಹಂಚಿನ ಕೆಲಸದಲ್ಲಿ ಹೆಸರಾದವರು. "ಮರದ ಪಕಾಸು ಕೊಯ್ಸಿ, ಕೂಡ್ಸಿ, ಹಂಚು ಹೊದಿಸೂಕೆ ಎರಡು ತಿಂಗಳು ಬೇಕು" ಎಂದರು. ಶೀಟಿನವನೂ ತಿರುಗಿ ಬಂದ. ಪರಾತದ ಸದ್ದು ಅವನ ತಲೆಯಿಂದ ಇಳಿದಿತ್ತೆಂದು ಕಾಣುತ್ತದೆ. "ಪೈಪಿನ ಮೇಲೆ ಹಂಚೇ ಹೊದಿಸಿ ಕೊಡ್ತೆ. ಆದ್ರೆ ನಮ್ಮ ಹುಡುಗ್ರಿಗೆ ಹಂಚಿನ ಕೈ ಅಭ್ಯಾಸ ಇಲ್ಲ. ತಡ ಆಗ್ತದೆ" ಅಂದ. ಒಬ್ಬರಿಂದಲೂ ಮಳೆಯ ಮೊದಲು ಮುಗಿಯುವ ಹಾಗಿಲ್ಲ! ಯಾರನ್ನು ಆರಿಸುವುದು?

ಅಕ್ಕ ಇಬ್ಬರನ್ನೂ ಒಂದೇ ದಿನ ಜಗಲಿಗೆ ಕರೆಸಿದಳು. ಚಾಪೆ ಹಾಸಿ ನಡುವೆ ತಾನು ಕೂತಳು. "ಹರಾಜು ಮಾಡ್ತೆ. ಕಡಿಮೆ ಕೂಗಿದವ್ರಿಗೆ ಕೆಲಸ. ಶುರು!"

"ಎರಡು ಲಕ್ಷ ಹತ್ತು" ಅಂದ ಶೀಟಿನವನು. "ಎರಡು ಲಕ್ಷ" ಎಂದರು ಆಚಾರರು. "ಒಂದು ತೊಂಬತ್ತೈದು." "ಒಂದು ತೊಂಬತ್ತು." ಇಬ್ಬರಿಗೂ ಹುರುಪು ಏರಿತು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ತೋಳು ಚಿವುಟುತ್ತಿದ್ದಳು. ಅಕ್ಕನ ಕಣ್ಣು ನೋಡಬೇಕಿತ್ತು! ಎಷ್ಟು ವರ್ಷಗಳ ಮೇಲೆ ಅವಳ ಕಿವಿಗೆ ಹರಾಜು ಬಿದ್ದಿತ್ತು! ಸೆರಗು ಬಿಗಿದು, ಮೊಣಕಾಲ ನೋವು ಮರೆತು, ಕುಕ್ಕರಗಾಲಿನಲ್ಲಿ ಕೂತಿದ್ದಳು. "ಒಂದು ಎಂಬತ್ತೈದು!" "ಒಂದು ಎಂಬತ್ತು!"

"ಎರಡು ಲಕ್ಷ!"

ಹೀಗೆ ಕಿರುಚಿದ್ದು ಯಾರು ಅಂತೀರಿ? ಅಕ್ಕ!

ಬಂದರದಲ್ಲಿ ಯಾರೇ ಒಂದು ದರ ಕೂಗಿದರೂ ಅದರ ಮೇಲೆ ಕೂಗಿ ಮೀನು ಗೆದ್ದ ಬಾಯಿ ಅದು. ಹರಾಜಿನಲ್ಲಿ ಜನ್ಮವಿಡೀ ಏರಿಸಿದ್ದೇ ಹೊರತು ಇಳಿಸಿದ್ದಿಲ್ಲ. ಅದಕ್ಕೇನು ಗೊತ್ತು, ಈ ಸಲ ದರ ಇಳಿದಷ್ಟೂ ಲಾಭ ನಮಗೇ ಎಂದು!

"ಅಕ್ಕಾ! ದುಡ್ಡು ಕೊಡೂರು ನಾವು! ಎಂತಕ್ಕೆ ಏರ್ಸ್ದೆ?" ಎಂದೆ.

ಅಕ್ಕನ ಮುಖ ಸಪ್ಪಗಾಯಿತು. ಆದರೆ ಗತ್ತು ಬಿಡಲಿಲ್ಲ. "ಕೂಗಿದ್ದು ಕೂಗಿದ್ದೇ. ಕೂಗಿ ಹಿಂದೆ ಸರ್ದವ್ರಿಗೆ ಮರುದಿನ ಬಂದರದಲ್ಲಿ ಯಾರೂ ಮೀನು ಕೊಡುದಿಲ್ಲ."

ಆಚಾರರು ಹೊಟ್ಟೆ ಹಿಡಿದು ನಗತೊಡಗಿದರು. "ಹಾಂಗಾದ್ರೆ ಎಲ್ರಿಗಿಂತ ಮೇಲೆ ಕೂಗಿದ್ದು ನೀವು. ಹರಾಜು ನಿಮ್ಗೇ ನಿಂತ್ತು! ಏಣಿ ತರ್ಸ್ಲಾ ಅಮ್ಮಾ?"

ಶೀಟಿನವನೂ ನಕ್ಕ. ನಾವೆಲ್ಲ ನಕ್ಕೆವು. ಅಕ್ಕ ನಗಲಿಲ್ಲ. ಒಂದು ಎಲೆಅಡಿಕೆ ಹಾಕಿ, ಪೂರ್ತಿ ಜಗಿದು, ಆಮೇಲೆ ಹೇಳಿದಳು:

"ಖರೆ. ಹರಾಜು ನಂದು. ಬಂದರದಲ್ಲಿ ರಾಶಿ ದೊಡ್ಡದಾಗಿ ಒಬ್ಳಿಗೆ ಹೊರೂಕೆ ಆಗದಿದ್ರೆ ಎಂತ ಮಾಡ್ತ್ರು? ಪಾಲು ಹಾಕ್ತ್ರು. ಪೈಪು ಇವಂದು, ಹಂಚು ನಿಮ್ದು. ಎರಡು ಲಕ್ಷ ನಿಮ್ಮಿಬ್ರ ನಡುವೆ. ನಾಳೆ ಬೆಳಿಗ್ಗೆಯಿಂದ್ಲೇ ಶುರು ಆಗ್ಬೇಕು. ಒಪ್ಪಿಗೆ ಇದ್ರೆ ಚಾ ಕುಡೀರಿ. ಇಲ್ದಿದ್ರೆ ಚಾನೂ ಇಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬನಿಗೆ ಬಾರದ ಅರ್ಧ ಕೆಲಸ ಇನ್ನೊಬ್ಬರಿಗೆ ಬರುತ್ತದೆ! ಚಾ ಕುಡಿದರು.

ಆಮೇಲೆ ಅಕ್ಕನ ದರಬಾರು. ಅಂಗಳದಲ್ಲಿ ಕುರ್ಚಿ ಹಾಕಿ ಕೂತು, ಇಳಿಸಿದ ಹಳೇ ಹಂಚನ್ನು ಒಂದೊಂದೇ ಕೈಗೆತ್ತಿ, ತಿರುಗಿಸಿ, ಬೆರಳಲ್ಲಿ ಬಡಿದು, ಮೀನಿನ ಹಾಗೆ ಮೂಗಿನ ಹತ್ತಿರ ಹಿಡಿದು ಮೂಸಿ, ಒಳ್ಳೆಯದು ಈಚೆಗೆ, ಕೆಟ್ಟದ್ದು ಆಚೆಗೆ!

"ಅಮ್ಮಾ, ಹಂಚಿಗೆ ಕಿವಿರು ಇರುದಿಲ್ಲ" ಎಂದರು ಆಚಾರರು ಮೇಲಿನಿಂದ.

"ಇದ್ದಿದ್ರೆ ನಿಮ್ಮ ಹತ್ರ ಕೇಳೂದೇ ಬೇಡಾಗಿತ್ತು!"

ಕೆಲಸ ಅರ್ಧ ಆದಾಗ ಕೊಸರಿನ ಮಾತೆತ್ತಿದಳು. ಇಷ್ಟು ದೊಡ್ಡ ವ್ಯಾಪಾರಕ್ಕೆ ಕೊಸರಿಲ್ಲವೇ? ಶೀಟಿನವನು ಹಣೆ ಚಚ್ಚಿಕೊಂಡು ಉಳಿದ ಪೈಪು ಕಡಿದು ಬೆಸೆದ, ಆಚಾರರು ಹಂಚು ಹೊದಿಸಿದರು. ನಮ್ಮ ಕೋಳಿಗೂಡಿಗೆ ಈಗ ಎಂಥ ಮಾಡು ಬಂದಿದೆ ಎಂದರೆ, ದಾರಿಯಲ್ಲಿ ಹೋಗುವವರು ಅದನ್ನು ದೇವರ ಗುಡಿ ಎಂದು ತಿಳಿದು ಕೈ ಮುಗಿಯುತ್ತಾರೆ.

ಆದರೆ ಮಗುವಿಗೆ ನಮ್ಮ ಲೆಕ್ಕ ಯಾರು ಹೇಳಿದ್ದರು? ಅದು ಅವಸರ ಮಾಡಿತು. ಹಿಂದಿನ ಕೋಣೆಯ ಮೇಲೆ ಇನ್ನೂ ಬರೀ ಆಕಾಶ ಇರುವಾಗ ಅಳಿಯನ ಫೋನು ಬಂತು. "ಹೆಣ್ಣು!" ಎಂದು ನಾನು ಕೂಗಿದ್ದೇ ತಡ, ಶೀಟಿನವನು ಮೇಲೆ ಕೂತು ಸುತ್ತಿಗೆಯಿಂದ ಪೈಪು ಬಾರಿಸತೊಡಗಿದ. ನನ್ನ ಹೆಂಡತಿ ನಕ್ಕಳು, ಮರುಕ್ಷಣ ಆ ತೆರೆದ ಕೋಣೆ ನೋಡಿ ಅತ್ತಳು. ಅದೇ ಬಾಣಂತಿಯ ಕೋಣೆ. ಪಶ್ಚಿಮದಲ್ಲಿ ಮೋಡ ಕಪ್ಪಾಗಿತ್ತು. ಆಸ್ಪತ್ರೆಯಿಂದ ಮಗಳು ನೇರ ಅತ್ತೆಯ ಮನೆಗೆ ಹೋದಳು. ಹೋಗುವಾಗ ಫೋನಿನಲ್ಲಿ, "ಅಪ್ಪಾ, ಬೇಗ ಮಾಡ್ಸು. ನಂಗೆ ಅಲ್ಲಿಗೆ ಬರ್ಬೇಕು" ಎಂದಷ್ಟೇ ಹೇಳಿದಳು.

ಆ ಮಾತನ್ನು ನಾನು ಯಾರಿಗೂ ಹೇಳಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದೆ. ಅಕ್ಕ ಅದನ್ನು ಮೇಲಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದಳು. ಅವತ್ತಿನಿಂದ ಅವರು ಭಾನುವಾರವನ್ನೂ ಬಿಡಲಿಲ್ಲ.

ಮೊನ್ನೆ ಮಾಡಿನ ನೆತ್ತಿಯ ಕೊನೇ ಹಂಚು ಕೂತಿತು. ನಿನ್ನೆ ಮಳೆ ಹೊಡೆಯಿತು. ಮಳೆಯ ಜೊತೆಗೇ ಬೀಗಿತಿ ಬಂದರು, ಪರೀಕ್ಷೆಗೆ! ಬಂದವರು ಕೊಡೆ ಮಡಚದೆ, ಬಿಚ್ಚಿಕೊಂಡೇ ಕೋಣೆ ಕೋಣೆ ತಿರುಗಿದರು. ಅವರ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು, ನನ್ನ ಹಿಂದೆ ನನ್ನ ಹೆಂಡತಿ. ಹೊರಗೆ ಮಳೆ ಭೋರೆಂದು ಸುರಿಯುತ್ತಿದೆ. ಬಾಣಂತಿಯ ಕೋಣೆಯಲ್ಲಿ ನೆಲದ ಮೇಲೆ ಟಪ್ ಟಪ್ ಎಂದು ಹನಿ ಬಿತ್ತು! ನನ್ನ ಜೀವ ಹಾರಿಹೋಯಿತು.

"ಕೊಡೆ ಮಡ್ಚಿ ಬೀಗ್ತಿಯೋರೆ" ಅಂದಳು ಅಕ್ಕ. "ಇಡೀ ಮನೇಲಿ ಸೋರೂದು ಅದೊಂದೇ."

ಬೀಗಿತಿ ಕೊಡೆ ಮಡಚಿದರು. ಹನಿ ನಿಂತಿತು. ಕತ್ತೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು, "ನಾಳೆ ಕರ್ಕೊಂಡು ಬರ್ತೆ" ಎಂದರು.

ಹಾಗೆ ಬಂದಳು ನನ್ನ ಮೊಮ್ಮಗಳು. ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ನಾನು, ನನ್ನ ಹೆಂಡತಿ, ಮಗಳು, ಅಳಿಯ, ಬೀಗಿತಿ, ಅಕ್ಕ. ಕುಚಗಿ ಅಕ್ಕಿಯ ಅನ್ನ, ನಾಲಿಗೆ ಜುಮ್ಮೆನ್ನಿಸುವ ಜುಮ್ಮಿನಕಾಯಿ ಹಾಕಿದ ಬಂಗಡೆ ಸಾರು. ಬಾಣಂತಿಗೆ ಬೇರೆಯದೇ ಪಥ್ಯದ ಅಡುಗೆ. ಮೇಲೆ ಮಳೆ ಹಂಚಿನ ಮೇಲೆ ಮೆತ್ತಗೆ ಬೀಳುತ್ತಿತ್ತು.

ಆಗ ಮಗಳು ಒಂದು ಮಾತು ಹೇಳಿದಳು. ನಮಗೆ ಯಾರಿಗೂ ಹೊಳೆದಿರಲಿಲ್ಲ. ಮಧ್ಯಾಹ್ನದಿಂದ ಪಕ್ಕದ ಮನೆಯವರು ಸಹ ಎತ್ತಿಕೊಂಡಿದ್ದರು, ಅಕ್ಕ ಮಾತ್ರ ಮಗುವನ್ನು ಮುಟ್ಟಿರಲಿಲ್ಲ.

"ದೊಡ್ಡತ್ತೆ, ನೀನು ಯಾಕೆ ಎತ್ಕೊಳ್ಲಿಲ್ಲ?"

ಅಕ್ಕ ಕೈಗಳನ್ನು ಸೆರಗಿನೊಳಗೆ ಸೇರಿಸಿದಳು. "ಬೇಡ ಮಗಾ. ಎಷ್ಟು ತೊಳೆದ್ರೂ ಈ ಕೈ ಮೀನು ನಾರ್ತದೆ. ಬಸ್ಸಲ್ಲಿ ಜನ ಎದ್ದು ಹೋಗ್ತಿದ್ರು. ಎಳೇ ಕೂಸು..."

ಹರಾಜಿನಲ್ಲಿ ಬಂದರವನ್ನೇ ಅಲ್ಲಾಡಿಸಿದ ಆ ದನಿ ಅಷ್ಟು ಸಣ್ಣದಾಗುವುದನ್ನು ನಾನು ಕೇಳಿಯೇ ಇರಲಿಲ್ಲ. ಮಗಳು ಎದ್ದು ಬಂದು ಮಗುವನ್ನು ಅಕ್ಕನ ಮಡಿಲಲ್ಲಿ ಮಲಗಿಸಿದಳು. ಸೆರಗಿನೊಳಗಿನ ಎರಡೂ ಕೈ ತಾವಾಗಿ ಹೊರಬಂದು ಮಗುವಿನ ಅಡಿಗೆ ಹೋದವು. ಮತ್ತೆ ಅಲ್ಲಿಂದ ಬರಲಿಲ್ಲ. ಅನ್ನ ಆರುತ್ತಿದೆ, ಊಟ ಮಾಡು ಎಂದರೆ, "ಹ್ಯಾಂಗೆ ಮಾಡ್ಲಿ? ಕೈ ಖಾಲಿ ಇಲ್ಲ" ಅನ್ನುತ್ತಾಳೆ.

ಅವ್ವ ತೀರಿಕೊಂಡಾಗ ನನಗೆ ನನ್ನ ಕೈಯಲ್ಲಿ ಉಣ್ಣಲು ಬರುತ್ತಿರಲಿಲ್ಲವಂತೆ. ನನಗೆ ತುತ್ತು ಕೊಟ್ಟು ದೊಡ್ಡವನನ್ನಾಗಿ ಮಾಡಿದ್ದು ಇದೇ ಕೈಗಳು. ನಾನು ಎದ್ದು ಅಕ್ಕನ ಪಕ್ಕದಲ್ಲಿ ಕೂತೆ. ಬಂಗಡೆಯ ಮುಳ್ಳು ಬಿಡಿಸಿ, ಅನ್ನ ಕಲಸಿ, ತುತ್ತು ಮಾಡಿ ಅವಳ ಬಾಯಿಯ ಹತ್ತಿರ ಹಿಡಿದೆ. ಮಗುವಿನಿಂದ ಕಣ್ಣು ತೆಗೆಯದೆ ಬಾಯಿ ತೆರೆದಳು. ನುಂಗಿ, "ಸಣ್ಣ ತುತ್ತು ಮಾಡು, ಮಾತಾಡೂಕೆ ಆಗುದಿಲ್ಲ" ಅಂದಳು. ಸಣ್ಣದು ಮಾಡಿದೆ. ಎಲ್ಲರೂ ನಗುತ್ತ, ಮಾತಾಡುತ್ತ ಉಂಡರು. ಅಕ್ಕನಿಗೆ ಹೊಟ್ಟೆ ತುಂಬ ಉಣ್ಣಿಸಿ, ಅದೇ ತಟ್ಟೆಯಲ್ಲಿ ನಾನೂ ಉಂಡೆ.