ನನ್ನ ಕಂಪ್ಯೂಟರಿನ ಪಕ್ಷಾಂತರ

ನನ್ನ ಗಂಡ ಭಾರ್ಗವನ್ ಸತ್ತು ಎಂಟು ತಿಂಗಳಾಯಿತು. ಮೂವತ್ತೊಂದು ವರ್ಷ ಆ ಮನುಷ್ಯನನ್ನು ದಿನಾ ಬೈದವಳು ನಾನು. ಈಗ ಬೈಯಲು ಮನೆಯಲ್ಲಿ ಉಳಿದದ್ದು ಅವನ ಕಂಪ್ಯೂಟರ್ ಒಂದೇ.

ರವಿಕೆ ಹೊಲಿದು ಬದುಕುವವಳು ನಾನು. ಕತ್ತಿನ ಹೊಸ ನಮೂನೆ ನೋಡಲು ಬೆಳಿಗ್ಗೆ ಗುಂಡಿ ಒತ್ತಿದರೆ, 'ದಯವಿಟ್ಟು ಕಾಯಿರಿ' ಎಂದು ಚಕ್ರ ಸುತ್ತಿಸುತ್ತ ಕೂರುತ್ತಿತ್ತು. ಥೇಟ್ ಅವನೇ! ಮದುವೆಮನೆಗೆ ಹೊರಟಾಗ 'ಇರು, ಬಂದೆ' ಎಂದು ಒಳಗೆ ಸೇರಿಕೊಳ್ಳುತ್ತಿದ್ದ ಆಸಾಮಿ. (ಹೋಗುವಾಗ ಮಾತ್ರ ಒಂದು ಮಾತೂ ಹೇಳದೆ ಹೋದ.) ತಿಂಡಿಗೆ ಒಲೆಯ ಮೇಲಿಟ್ಟ ಪುಟ್ಟು ಬೇಯುವವರೆಗೆ ಅದನ್ನು ಬೈಯುತ್ತಿದ್ದೆ. ಎದೆ ಹಗುರಾಗುತ್ತಿತ್ತು.

ಬೈಗುಳ ಬೇಲಿ ದಾಟಿ ಪಕ್ಕದ ಮನೆಯ ಪ್ರಭಾಕರನ್ ಮಾಷ್ ಕಿವಿಗೆ ಬಿತ್ತು. ನಿವೃತ್ತ ಮೇಷ್ಟ್ರು, ವಾಚನಾಲಯದ ಕಾರ್ಯದರ್ಶಿ. ನಮ್ಮೂರು ಚೇರ್ತಲದ ಕಂಪ್ಯೂಟರುಗಳನ್ನೆಲ್ಲ ದುಡ್ಡಿನ ಕಂಪನಿಗಳಿಂದ ಬಿಡಿಸಿ ಬಿಟ್ಟಿ ತಂತ್ರಾಂಶದ ಪಕ್ಷಕ್ಕೆ ಸೇರಿಸುವ ವ್ರತ ಹಿಡಿದವರು. ನಾನು ಅವರಿಗೆ ಚೇಚಿ, ಅಂದರೆ ಅಕ್ಕ; ನನ್ನ ಗಂಡ ಚೇಟ್ಟನ್, ಅಣ್ಣ.

"ಚೇಚಿ, ಇದನ್ನ ಕಿತ್ತಾಕಿ ನಮ್ಮದನ್ನ ಹಾಕ್ತೀನಿ. ಕಾಸಿಲ್ಲ, ವೈರಸ್ಸಿಲ್ಲ. ಪೂರ್ತಿ ಸ್ವಾತಂತ್ರ್ಯ!"

"ಸ್ವಾತಂತ್ರ್ಯ ಯಾರಿಗೆ ಬೇಕು ಮಾಷೇ? ಎಂಟು ತಿಂಗಳಿಂದ ಮನೆ ತುಂಬ ಅದೇ ಬಿದ್ದಿದೆ."

"ಹಾಗಂದ್ರೆ ಹೇಗೆ? ಇದು ನಿಮ್ಮ ಹೊತ್ತು ತಿಂತಿದೆ."

"ತಿನ್ನಲಿ ಬಿಡಿ. ತಿನ್ನೋಕೆ ಈ ಮನೇಲಿ ಬೇರೆ ಯಾರಿದ್ದಾರೆ?"

ಆದರೂ ಹಾಕಿಸಿಕೊಂಡೆ. ಓಣಂ ಹತ್ತಿರ ಬಂದಿತ್ತು, ಹೊಲಿಗೆ ರಾಶಿ ಬಿದ್ದಿತ್ತು. ಹೊಸದು ನಾನು ಸೀನಿ ಮುಗಿಸುವುದರೊಳಗೆ ತೆರೆದುಕೊಂಡಿತು. ಬೈಯಲು ಬಾಯಿ ತೆರೆದೆ. ಏನೆಂದು ಬೈಯುವುದು? ಮುಚ್ಚಿದೆ. ಹದಿನೈದು ದಿನ ಹಾಗೇ. ಮನೆಯಲ್ಲಿ ನನ್ನ ದನಿಯೇ ಇಲ್ಲ.

ಅಷ್ಟರಲ್ಲಿ ವಾಚನಾಲಯದಲ್ಲಿ ನನಗೆ ಸನ್ಮಾನ. 'ಪಂಚಾಯತಿಯ ಪ್ರಥಮ ಸ್ವತಂತ್ರ ದರ್ಜಿ'ಯಂತೆ! ಶಾಲು ಹೊದಿಸಿದರು. ಯಾಕೆ ಪಕ್ಷ ಬದಲಿಸಿದಿರಿ, ನಾಲ್ಕು ಮಾತು ಹೇಳಿ ಎಂದು ಮೈಕು ಕೊಟ್ಟರು.

"ಬದಲಿಸಿದ್ದು ತಪ್ಪಾಯ್ತು. ಇದು ಬಹಳ ಒಳ್ಳೇದು. ಬೈಯೋಕೆ ಒಂದು ಕುಂದೂ ಇಲ್ಲ. ಇಷ್ಟು ಒಳ್ಳೇದನ್ನ ಇಟ್ಕೊಂಡು ನಾನೇನು ಮಾಡ್ಲಿ? ಮಾಷೇ, ನನ್ನ ದರಿದ್ರ ನನಗೆ ವಾಪಸ್ ಕೊಡಿ."

ಸಭೆ ಬಿದ್ದು ಬಿದ್ದು ನಕ್ಕಿತು. ಮಾಷ್ ಮುಖ ಹುಳ್ಳಗಾಯಿತು.

ಮಾರನೆಯ ದಿನ ಬಂದು ಹಳೆಯದನ್ನೇ ಹಾಕಿಕೊಟ್ಟರು. ಗುಂಡಿ ಒತ್ತಿ ಸೊಂಟಕ್ಕೆ ಕೈಯಿಟ್ಟು ನಿಂತೆ. ತಟ್ಟನೆ ತೆರೆದುಕೊಂಡಿತು!

"ಏನು ಮಾಡಿದ್ರಿ ಇದಕ್ಕೆ?"

"ಭಾರ್ಗವನ್ ಚೇಟ್ಟನ್ ತುಂಬಿಸಿಟ್ಟಿದ್ದ ಕಸ ಗುಡಿಸಿದೆ ಚೇಚಿ. ಹಾಳು ಆಟಗಳು, ವೈರಸ್ಸು, ನೂರೆಂಟು. ನಿಧಾನ ಆಗಿದ್ದು ಅದರಿಂದ್ಲೇ."

"ಗುಡಿಸಿ ಅಂತ ಯಾರು ಕೇಳಿದ್ರು ನಿಮ್ಮನ್ನ? ಮಕ್ಕಳಿಗೆ ಪಾಠ ಹೇಳಿದೋರಿಗೆ ಇಷ್ಟೂ ಬುದ್ಧಿ ಬೇಡ್ವಾ?"

ಅರ್ಧ ಗಂಟೆ ಬೈದೆ. ಮಾಷ್ ಹಾಲಿಲ್ಲದ ಚಹಾ ಕುಡಿಯುತ್ತ ಕೇಳಿಸಿಕೊಂಡರು. ಕಡೆಗೆ, "ಆಯ್ತು ಚೇಚಿ, ಮೊದಲಿದ್ದ ಹಾಗೆ ಕೆಡಿಸಿ ಕೊಡ್ತೀನಿ" ಎಂದರು.

ಮೂರು ದಿನ ಕೂತು ಕೆಡಿಸಿದರು. ಕೆಡಿಸಲು ಬರುವುದಿಲ್ಲ, ಪಾಪ. ನನ್ನ ಗಂಡನ ಹಾಗೆ ಹಾಳು ಮಾಡಬಲ್ಲವರು ಇನ್ನು ಹುಟ್ಟುವುದಿಲ್ಲ.